ಎಂಟು ಉಪಗಣ ಬರಬೇಕಿತ್ತು, ಎಂಟು ಖಾಲಿ ಲಿಸ್ಟ್ ಬಂತು!

ಪ್ರಶ್ನೆ: ಸರ್, [1, 2, 3] ಕೊಟ್ಟರೆ ಎಲ್ಲ ಉಪಗಣಗಳು ಬರುವ ಹಾಗೆ ಪೈತಾನ್‌ನಲ್ಲಿ ರಿಕರ್ಷನ್ (ತನ್ನನ್ನೇ ಮತ್ತೆ ಕರೆಯುವ ಫಂಕ್ಷನ್) ಬರೆದಿದ್ದೇನೆ. ‘ಆಯ್ಕೆ’ ಅನ್ನೋ ಲಿಸ್ಟಿಗೆ ಒಂದು ಸಂಖ್ಯೆ ಹಾಕಿ ಮುಂದೆ ಹೋಗ್ತೀನಿ, ವಾಪಸ್ ಬಂದಾಗ ತೆಗೆದು ಮತ್ತೆ ಮುಂದೆ ಹೋಗ್ತೀನಿ. ಕೊನೆ ಮುಟ್ಟಿದಾಗ ‘ಆಯ್ಕೆ’ಯನ್ನು ಉತ್ತರಕ್ಕೆ ಸೇರಿಸ್ತೀನಿ. ಲೆಕ್ಕಕ್ಕೆ 8 ಬರ್ತಿದೆ, ಆದರೆ ಎಂಟೂ ಖಾಲಿ! ರಿಕರ್ಷನ್ ಎಲ್ಲಿ ತಪ್ಪಿದೆ?

ಉತ್ತರ: ರಿಕರ್ಷನ್ ಸರಿಯಾಗಿಯೇ ಇದೆ, ಸೇರಿಸುವ ಸಾಲು ನೋಡಿ. ಎಂಟು ಸಲವೂ ನೀವು ಸೇರಿಸಿದ್ದು ಒಂದೇ ಲಿಸ್ಟನ್ನು. ಪೈತಾನ್ ಅದರ ನಕಲು ಮಾಡುವುದಿಲ್ಲ, ಅದೇ ಲಿಸ್ಟಿನ ರೆಫರೆನ್ಸ್, ಅಂದರೆ ಅದನ್ನು ತೋರಿಸುವ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ಎಲ್ಲ ಮುಗಿಯುವ ಹೊತ್ತಿಗೆ ಪಾಪ್ ಮಾಡುತ್ತಾ (ಕೊನೆಯದನ್ನು ತೆಗೆಯುತ್ತಾ) ನೀವೇ ಅದನ್ನು ಬರಿದು ಮಾಡಿರುತ್ತೀರಿ. ‘ಆಯ್ಕೆ’ ಬದಲು ಅದರ ನಕಲಾದ ‘ಆಯ್ಕೆ[:]’ ಸೇರಿಸಿ, ಸರಿಹೋಗುತ್ತದೆ. ಸಿ++ ಭಾಷೆಯಲ್ಲಿ ಲಿಸ್ಟಿನಂತಿರುವ ವೆಕ್ಟರ್ ತಾನೇ ನಕಲು ಮಾಡಿಕೊಳ್ಳುತ್ತದೆ. ಅಲ್ಲಿಂದ ಬಂದವರು ಇಲ್ಲಿ ಎಡವುವುದು ಸಾಮಾನ್ಯ.

ರಿಕರ್ಷನ್ ಬೇಡವೆಂದರೆ ಬಿಟ್‌ಮಾಸ್ಕ್ ಇದೆ: ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಒಂದು ಸಂಖ್ಯೆಯ ಬೈನರಿ ರೂಪದ 1, 0ಗಳಲ್ಲಿ (ಬಿಟ್‌ಗಳಲ್ಲಿ) ಬರೆಯುವುದು. ಹೈಸ್ಕೂಲಿನ ಅಕ್ಷರಗಣ ನೆನಪಿಸಿಕೊಳ್ಳಿ: ಮೂರು ಸ್ಥಾನ, ಪ್ರತಿ ಸ್ಥಾನದಲ್ಲೂ ಗುರು ಇಲ್ಲವೇ ಲಘು, ಒಟ್ಟು ಎಂಟು ಗಣ. ಗುರು ಎಂದರೆ ಸಂಖ್ಯೆ ಇದೆ, ಲಘು ಎಂದರೆ ಇಲ್ಲ ಅಂದುಕೊಂಡರೆ ಮಗಣವೇ [1, 2, 3], ನಗಣ ಖಾಲಿ, ರಗಣ [1, 3]. 0ಯಿಂದ 7ರವರೆಗೆ ಲೂಪ್ ಓಡಿಸಿ, ಬಿಟ್ 1 ಇದ್ದಲ್ಲಿ ಆ ಸಂಖ್ಯೆಯನ್ನು ಎತ್ತಿಕೊಳ್ಳಿ. 5 ಅಂದರೆ ಬೈನರಿಯಲ್ಲಿ 101, ಅದೇ ರಗಣ.

ಇನ್ನೊಬ್ಬ ಸದಸ್ಯರು: [1, 2, 2] ಕೊಟ್ಟರೆ [2] ಎರಡೆರಡು ಸಲ ಬರುತ್ತಲ್ಲ?

ಉತ್ತರ: ಹೌದು, ಬೇರೆ ಬೇರೆ ಇರುವುದು 6 ಮಾತ್ರ. ಮೊದಲು ಸಾರ್ಟ್ ಮಾಡಿ. ಒಂದು ಸಂಖ್ಯೆ ಬೇಡ ಎಂದು ಬಿಟ್ಟರೆ, ಅದೇ ಬೆಲೆಯ ಮುಂದಿನವನ್ನೂ ಹಾರಿಸಿಬಿಡಿ.

ಪ್ರಶ್ನೆ ಕೇಳಿದವರು: ಸರಿಹೋಯ್ತು ಸರ್, ಥ್ಯಾಂಕ್ಸ್! ನನಗೆ ನಿಜವಾಗಿ ಬೇಕಿದ್ದು ಬೇರೆ. 40 ಬಾಕಿ ಬಿಲ್ ಇವೆ, ಗ್ರಾಹಕರೊಬ್ಬರು ಒಟ್ಟಾಗಿ ಒಂದು ಮೊತ್ತ ಹಾಕಿದ್ದಾರೆ. ಯಾವ ಬಿಲ್‌ಗಳು ಸೇರಿ ಆ ಮೊತ್ತ ಅಂತ ಹುಡುಕಬೇಕು. ಓಡಿಸಿದರೆ ಮುಗಿಯುತ್ತಲೇ ಇಲ್ಲ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೇ! 40ಕ್ಕೆ ಉಪಗಣಗಳು ಸುಮಾರು 1.1 ಲಕ್ಷ ಕೋಟಿ. ಸೆಕೆಂಡಿಗೆ ಒಂದು ಕೋಟಿ ನೋಡಿದರೂ 30 ಗಂಟೆ ಬೇಕು. ಎಲ್ಲವನ್ನೂ ಲಿಸ್ಟಿನಲ್ಲಿ ಕೂಡಿಟ್ಟರೆ ಅದಕ್ಕೂ ಮೊದಲೇ ಮೆಮೊರಿ ಕೈಕೊಡುತ್ತದೆ. 1974ರಲ್ಲಿ ಹೊರೊವಿಟ್ಜ್ ಮತ್ತು ಸಾಹ್ನಿ ಪ್ರಕಟಿಸಿದ ಉಪಾಯ ಬಳಸಿ: ಬಿಲ್‌ಗಳನ್ನು 20-20 ಆಗಿ ಒಡೆಯಿರಿ. ಒಂದೊಂದು ಭಾಗದಲ್ಲಿ 10,48,576 ಮೊತ್ತಗಳಷ್ಟೇ. ಒಂದು ಭಾಗವನ್ನು ಸಾರ್ಟ್ ಮಾಡಿಟ್ಟುಕೊಂಡು, ಇನ್ನೊಂದರ ಪ್ರತಿ ಮೊತ್ತಕ್ಕೂ ಬೇಕಾದ ಉಳಿಕೆ ಅದರಲ್ಲಿದೆಯೇ ಎಂದು ಬೈನರಿ ಸರ್ಚ್ ಮಾಡಿ (ಪ್ರತಿ ಸಲ ನಡುವಿನದನ್ನು ನೋಡಿ, ಅರ್ಧ ಪಟ್ಟಿಯನ್ನು ಬಿಡುತ್ತಾ ಹುಡುಕುವುದು).

ಆದರೆ ಕೋಡ್ ಬರೆಯುವ ಮೊದಲು ಒಂದು ಲೆಕ್ಕ ನೋಡಿ. ಬಿಲ್‌ಗಳೆಲ್ಲ ಪೂರ್ಣ ರೂಪಾಯಿಯಲ್ಲಿದ್ದು ಸೇರಿ 20 ಲಕ್ಷ ಅಂದುಕೊಳ್ಳಿ. ಆಗ ಬರಬಹುದಾದ ಮೊತ್ತಗಳು 20 ಲಕ್ಷದಷ್ಟೇ, ಉಪಗಣಗಳು 1.1 ಲಕ್ಷ ಕೋಟಿ. ಸರಾಸರಿ ಒಂದೊಂದು ಮೊತ್ತಕ್ಕೆ ಐದು ಲಕ್ಷಕ್ಕೂ ಹೆಚ್ಚು ಉಪಗಣ! ನಿಮ್ಮ ಪ್ರೋಗ್ರಾಂ ಒಂದನ್ನು ಹುಡುಕಿ ಕೊಡುತ್ತದೆ, ಅವರು ಕಟ್ಟಿದ್ದು ಅದೇ ಬಿಲ್‌ಗಳಿಗೆ ಅನ್ನುವುದಕ್ಕೆ ಆಧಾರವೇನು? ಬಿಲ್ ತಾರೀಖು ನೋಡಿ ಪಟ್ಟಿ ಚಿಕ್ಕದು ಮಾಡಿ, ಇಲ್ಲವೇ ಗ್ರಾಹಕರಿಗೇ ಒಂದು ಫೋನ್ ಹಾಕಿ.