ಬುದ್ಧಿ, ಬುದ್ಧಿಮತ್ತೆ, ಜಾಣ್ಮೆ: ಯಾವುದು ಎಲ್ಲಿ ಸಲ್ಲುತ್ತದೆ?

‘ಇಷ್ಟು ಬುದ್ಧಿವಂತನಾಗಿದ್ದೂ ನಿನಗೆ ಬುದ್ಧಿ ಇಲ್ಲವಲ್ಲ’ ಎಂಬ ಬೈಗುಳದಲ್ಲಿ ಕನ್ನಡ ಬಲ್ಲ ಯಾರಿಗೂ ವಿರೋಧಾಭಾಸ ಕಾಣುವುದಿಲ್ಲ. ಮೊದಲನೆಯದರಲ್ಲಿ ಗ್ರಹಣಶಕ್ತಿಯನ್ನೂ ಎರಡನೆಯದರಲ್ಲಿ ನಡತೆಯ ವಿವೇಕವನ್ನೂ ಕಿವಿ ತಾನಾಗಿಯೇ ಬೇರ್ಪಡಿಸಿಕೊಳ್ಳುತ್ತದೆ. ‘ಬುದ್ಧಿ ಹೇಳು’, ‘ಬುದ್ಧಿ ಬಂತು’, ‘ಸಣ್ಣಬುದ್ಧಿ’ ಎಂಬ ಬಳಕೆಗಳೆಲ್ಲ ವಿವೇಕದ ಕಡೆಯವು. ಲೆಕ್ಕ ಬಾರದ ಹುಡುಗನಿಗೆ ಯಾರೂ ಬುದ್ಧಿ ಹೇಳುವುದಿಲ್ಲ, ಲೆಕ್ಕ ಹೇಳಿಕೊಡುತ್ತಾರೆ. ಆದ್ದರಿಂದಲೇ ಮನೋವಿಜ್ಞಾನದ ಬರಹಗಳಲ್ಲಿ ಇಂಗ್ಲಿಷಿನ ‘ಇಂಟೆಲಿಜೆನ್ಸ್’ಗೆ ‘ಬುದ್ಧಿ’ಯನ್ನು ಪಾರಿಭಾಷಿಕ ಪದವಾಗಿ ಬಳಸುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳುತ್ತದೆ.

‘ಬುದ್ಧಿಮತ್ತೆ’ಗೆ ಈ ತೊಡಕಿಲ್ಲ, ಏಕೆಂದರೆ ಅದು ಮಾತಿನಲ್ಲಿ ಸವೆದ ಪದವಲ್ಲ. ಅದರ ಜೊತೆಗೆ ನೆನಪಾಗುವುದು ಪರೀಕ್ಷೆ ಮತ್ತು ಅಂಕ. ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಫ್ರಾನ್ಸ್‌ನಲ್ಲಿ ಇಂಥ ಪರೀಕ್ಷೆಯನ್ನು ರೂಪಿಸಿದ್ದು ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿಯೇ ಹೊರತು, ಜನರನ್ನು ಜೀವನಪರ್ಯಂತ ಮೇಲುಕೀಳಾಗಿ ವಿಂಗಡಿಸುವುದಕ್ಕಲ್ಲ. ಇಂದಿನ ಪರೀಕ್ಷೆಗಳಲ್ಲಿ ಸರಾಸರಿಯನ್ನು 100 ಎಂದು ಇರಿಸಿ, ಮೂರರಲ್ಲಿ ಎರಡು ಪಾಲಿನಷ್ಟು ಜನ 85ರಿಂದ 115ರ ನಡುವೆ ಬರುವಂತೆ ಅಳತೆಯನ್ನು ಹೊಂದಿಸಲಾಗಿರುತ್ತದೆ. ಇಲ್ಲಿ ‘ಬುದ್ಧಿಮತ್ತೆ’ಯೇ ತಕ್ಕ ಪದವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಚರ್ಚೆ ಬೇಕಾಗಿರುವುದು, ಬುದ್ಧಿಮತ್ತೆ ಒಂದಲ್ಲ, ಹಲವು ಎಂದು ವಾದಿಸಿದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ ಅವರ ವಿಷಯದಲ್ಲಿ. ಅವರು 1983ರಲ್ಲಿ ಭಾಷೆ, ತರ್ಕ ಮತ್ತು ಗಣಿತ, ಸಂಗೀತ, ದೇಹಚಲನೆ, ಸ್ಥಳ ಮತ್ತು ಆಕಾರಗಳ ಗ್ರಹಣ, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂದು ಏಳು ಬಗೆಯ ಬುದ್ಧಿಮತ್ತೆಗಳನ್ನು ಹೆಸರಿಸಿ, ಮುಂದೆ ನಿಸರ್ಗವನ್ನು ಗುರುತಿಸುವ ಶಕ್ತಿಯನ್ನೂ ಸೇರಿಸಿದರು. ಕನ್ನಡದಲ್ಲಿ ಇವುಗಳನ್ನು ‘ಸಂಗೀತ ಪ್ರತಿಭೆ’, ‘ದೈಹಿಕ ಕೌಶಲ’ ಎಂದು ಬರೆದರೆ ಓದು ಸಲೀಸಾಗುತ್ತದೆ, ನಿಜ. ಆದರೆ ಹಾಗೆ ಬರೆದ ಕೂಡಲೇ ಅವರ ವಾದವೇ ಆವಿಯಾಗಿಬಿಡುತ್ತದೆ. ಹಾಡುವವನಲ್ಲಿ ಪ್ರತಿಭೆ ಇದೆಯೆಂಬುದನ್ನು ಯಾರೂ ಅಲ್ಲಗಳೆದಿರಲಿಲ್ಲ. ಗಣಿತಕ್ಕೆ ಸಲ್ಲುವ ಹೆಸರು ಸಂಗೀತಕ್ಕೂ ಸಲ್ಲಬೇಕು ಎಂಬುದೇ ಅವರ ಪಟ್ಟು. ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಇತರ ಬಗೆಯವುಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆಂದು ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದನ್ನು ಮುಂದಿಟ್ಟುಕೊಂಡು, ಗಾರ್ಡ್ನರ್ ಹೇಳುವ ವಿಭಾಗಗಳು ಅಷ್ಟು ಸ್ವತಂತ್ರವಲ್ಲ ಎನ್ನುವ ವಿಮರ್ಶಕರು ‘ಪ್ರತಿಭೆ’ಯನ್ನೇ ಒಪ್ಪುತ್ತಾರೆ. ಹೀಗಿರುವಾಗ ಅನುವಾದಕನು ಅರಿಯದೆ ಒಂದು ಪಕ್ಷಕ್ಕೆ ಸೇರಿಬಿಡಬಾರದು. ಕಿವಿಗೆ ಒರಟಾದರೂ ‘ಸಂಗೀತ ಬುದ್ಧಿಮತ್ತೆ’, ‘ದೈಹಿಕ ಬುದ್ಧಿಮತ್ತೆ’ ಎಂದೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಬುದ್ಧಿಮತ್ತೆಯನ್ನು ಎರಡಾಗಿ ಮಾಡಿದ ವಿಂಗಡಣೆಗಾದರೆ ಆಡುಮಾತೇ ಸಾಕು. ಹೊಸ ಸಮಸ್ಯೆಯನ್ನು ಸ್ಥಳದಲ್ಲೇ ಬಿಡಿಸುವ, ವಯಸ್ಸಾದಂತೆ ಕುಗ್ಗುವ ಶಕ್ತಿ ‘ಚುರುಕು’. ಕಲಿಕೆಯಿಂದ ಕೂಡಿಬಂದು ಬಹುಕಾಲ ಉಳಿಯುವುದು ‘ತಿಳಿವಳಿಕೆ’.

ಇನ್ನು ‘ಜಾಣ್ಮೆ’. ಮೂಲದಲ್ಲಿ ಇದು ‘ಜ್ಞಾನ’ದ ನಂಟಿನದಾದರೂ, ಬಳಕೆಯಲ್ಲಿ ಸಂದರ್ಭವನ್ನು ತನಗೆ ಅನುಕೂಲವಾಗುವಂತೆ ತಿರುಗಿಸಿಕೊಳ್ಳುವ ಛಾಯೆಯನ್ನು ಪಡೆದಿದೆ. ಕೇಳಿಸಿದರೂ ಕೇಳಿಸದಂತಿರುವವನದು ‘ಜಾಣಕಿವುಡು’, ಕೊಟ್ಟ ಮಾತನ್ನು ಬೇಕೆಂದೇ ಮರೆಯುವವನದು ‘ಜಾಣಮರೆವು’. ಈ ಸ್ಥಾನಗಳಲ್ಲಿ ‘ಬುದ್ಧಿ’ಯನ್ನು ಕೂರಿಸಲು ಬಾರದು. ಮಗುವನ್ನು ‘ಜಾಣಮರಿ’ ಎಂದು ಮುದ್ದಿಸುವಾಗ ಈ ಛಾಯೆ ಸುಳಿಯುವುದಿಲ್ಲ ಎಂಬುದೂ ಗಮನಾರ್ಹ. ಮನೋವಿಜ್ಞಾನಿ ರಾಬರ್ಟ್ ಸ್ಟರ್ನ್‌ಬರ್ಗ್ ವಿಶ್ಲೇಷಣೆ ಮತ್ತು ಸೃಜನಶೀಲತೆಗಳ ಜೊತೆಗೆ ಹೇಳುವ ಮೂರನೆಯ ಬಗೆಯ ಬುದ್ಧಿಮತ್ತೆಗೆ, ಅಂದರೆ ದಿನನಿತ್ಯದ ಸನ್ನಿವೇಶಗಳನ್ನು ನಿಭಾಯಿಸುವ ಶಕ್ತಿಗೆ, ‘ವ್ಯವಹಾರ ಜಾಣ್ಮೆ’ ಎನ್ನಬಹುದೆಂದು ತೋರುತ್ತದೆ.

ಒಂದು ಅಂಶವನ್ನು ಬಲ್ಲವರು ತಿಳಿಸಬೇಕು. ಕೈಕೆಲಸದಲ್ಲಿ ಪಳಗಿದವನನ್ನು ‘ನಿಪುಣ’, ‘ಪಳಗಿದ ಕೈ’ ಎನ್ನುವ ಬದಲು ‘ಬುದ್ಧಿವಂತ’ ಎಂದೇ ಕರೆಯುವ ರೂಢಿ ಯಾವುದಾದರೂ ಒಳನುಡಿಯಲ್ಲಿ ಇದೆಯೇ? ಇದ್ದರೆ ಬಳಕೆಯ ವಾಕ್ಯದೊಡನೆ ತಿಳಿಸಿ. ಆಗ ‘ದೈಹಿಕ ಬುದ್ಧಿಮತ್ತೆ’ ಎಂಬುದು ಕನ್ನಡಕ್ಕೆ ಒರಟೆಂಬ ನನ್ನ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ.