ಬೆಂಗಳೂರು ಬಿಟ್ಟು ಪುಣೆಗೆ ಹೋಗೋದಾ, ಬೇಡವಾ? ಹೋಗಿ ಬಂದವರ ಅನುಭವ

ವಿಜಯನಗರದಿಂದ ಒಬ್ಬರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಪುಣೆಗೆ ವರ್ಗಾವಣೆ ಬಂದಿದೆ. ಸಂಬಳ ಸ್ವಲ್ಪ ಜಾಸ್ತಿ ಆಗುತ್ತದೆ, ಪ್ರಮೋಷನ್ನೂ ಇದೆ. ಒಪ್ಪಲೇಬೇಕು ಅಂತೇನಿಲ್ಲ, ಇಲ್ಲೇ ಇರಬಹುದು. ಮಗಳು ಏಳನೇ ಕ್ಲಾಸ್, ಸಿಬಿಎಸ್‌ಇ. ಅತ್ತೆ ನಮ್ಮ ಜೊತೆಗಿದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ, ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಸ್ವಂತ ಮನೆ ಇದೆ, ಒಂದು ಕಾರಿದೆ. ಬೇರೆ ರಾಜ್ಯಕ್ಕೆ ಸಂಸಾರ ಸಮೇತ ಹೋದವರು ದಯವಿಟ್ಟು ಹೇಳಿ. ಯಾವುದರಲ್ಲಿ ಅನುಕೂಲ ಆಯಿತು, ಎಲ್ಲಿ ಕಷ್ಟ ಆಯಿತು?

ರಾಜಾಜಿನಗರದಿಂದ, ಪುಣೆಯ ಕೊಥ್ರೂಡ್‌ನಲ್ಲಿ ಇದ್ದು ಬಂದವರು:

ಮೊದಲು ಮಗಳ ಓದಿನ ಲೆಕ್ಕ ಹಾಕಿ ಅಕ್ಕ. ಮನೆ, ಕಾರು, ಗ್ಯಾಸು ಎಲ್ಲವನ್ನೂ ಆಮೇಲೆ ಸರಿ ಮಾಡಿಕೊಳ್ಳಬಹುದು. ಓದಿದ ವರ್ಷಗಳನ್ನು ಆಮೇಲೆ ಸೇರಿಸಲು ಆಗುವುದಿಲ್ಲ.

ನಮ್ಮ ಸಿಇಟಿಯಲ್ಲಿ (ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶ ಪರೀಕ್ಷೆ) ಸರ್ಕಾರಿ ಕೋಟಾದ ಸೀಟು ಬೇಕು ಅಂದರೆ ಸಾಮಾನ್ಯ ನಿಯಮ ಹೀಗಿದೆ. ಒಂದನೇ ಕ್ಲಾಸಿನಿಂದ ಎರಡನೇ ಪಿಯುಸಿ ಒಳಗೆ ಕಡೇಪಕ್ಷ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅದರ ಜೊತೆಗೆ ಹತ್ತನೇ ಕ್ಲಾಸ್ ಅಥವಾ ಎರಡನೇ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಇಲ್ಲೇ ಪಾಸ್ ಮಾಡಿರಬೇಕು. ನಿಮ್ಮ ಮಗಳು ಒಂದನೇ ಕ್ಲಾಸಿನಿಂದಲೂ ಇಲ್ಲೇ ಓದಿದ್ದರೆ ಏಳನೇ ಕ್ಲಾಸ್ ಮುಗಿದಾಗ ಆ 7 ವರ್ಷ ತುಂಬುತ್ತದೆ. ಹಾಗಾಗಿ ವರ್ಷದ ಮಧ್ಯದಲ್ಲಿ ದಯವಿಟ್ಟು ಹೊರಡಬೇಡಿ. ಪರೀಕ್ಷೆ ಮುಗಿಸಿಕೊಂಡೇ ಹೋಗಿ. ಎಂಟು, ಒಂಬತ್ತು, ಹತ್ತು ಪುಣೆಯಲ್ಲಿ ಓದಿಸಿ, ಪಿಯುಸಿಗೆ ವಾಪಸ್ ಕರೆತಂದರೆ ಇಲ್ಲಿನ ಅರ್ಹತೆ ಉಳಿಯುತ್ತದೆ. ಹತ್ತೂ ಹನ್ನೆರಡೂ ಅಲ್ಲೇ ಮುಗಿಸಿದರೆ ಈ ದಾರಿ ಮುಚ್ಚುತ್ತದೆ. ಮಹಾರಾಷ್ಟ್ರದ ಕೋಟಾ ಸಿಗಬಹುದಲ್ಲ ಅಂತ ಅಂದುಕೊಳ್ಳಬೇಡಿ. ವೈದ್ಯಕೀಯ ಸೀಟಿಗೆ ಅಲ್ಲಿ ಹತ್ತು, ಹನ್ನೆರಡು ಎರಡೂ ಆ ರಾಜ್ಯದಲ್ಲೇ ಆಗಿರಬೇಕು, ಮೇಲೆ ಆ ರಾಜ್ಯದ ನಿವಾಸಿ ಅನ್ನುವ ಡೊಮಿಸೈಲ್ ಸರ್ಟಿಫಿಕೇಟ್ ಬೇರೆ ಕೇಳುತ್ತಾರೆ. ಈ ನಿಯಮಗಳಿಗೆ ವಿನಾಯಿತಿಗಳೂ ಇವೆ, ವರ್ಷ ವರ್ಷ ಬದಲಾವಣೆಯೂ ಆಗುತ್ತದೆ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಬಿಡುವ ಮಾಹಿತಿ ಪುಸ್ತಕವನ್ನು ನೀವೇ ಕೂತು ಓದಿ, ಬೇರೆಯವರ ಮಾತಿನ ಮೇಲೆ ತೀರ್ಮಾನ ಮಾಡಬೇಡಿ.

ಸಿಬಿಎಸ್‌ಇ ಇರುವುದರಿಂದ ಪಾಠ ಒಂದೇ, ಅದು ದೊಡ್ಡ ಅನುಕೂಲ. ಆದರೆ ಒಂಬತ್ತನೇ ಕ್ಲಾಸಿನಲ್ಲೇ ಬೋರ್ಡಿಗೆ ಹೆಸರು ನೋಂದಣಿ ಆಗುತ್ತದೆ. ಹತ್ತಕ್ಕೆ ಶಾಲೆ ಬದಲಿಸಬೇಕು ಅಂದರೆ ವರ್ಗಾವಣೆಯ ದಾಖಲೆ, ಬೋರ್ಡಿನ ಒಪ್ಪಿಗೆ ಅಂತ ಓಡಾಟ ಜಾಸ್ತಿ. ಎಂಟಕ್ಕೆ ಸೇರಿಸುವುದು ಎಲ್ಲದಕ್ಕಿಂತ ಸಲೀಸು. ಇಲ್ಲಿನ ಶಾಲೆಯಿಂದ ಟಿಸಿ ತೆಗೆದುಕೊಳ್ಳುವಾಗ ಬೇರೆ ರಾಜ್ಯಕ್ಕೆ ಅಂತ ಹೇಳಿ. ಅದಕ್ಕೆ ಮೇಲಧಿಕಾರಿಗಳ ಸಹಿ ಬೇಕಾ ಅಂತ ಎರಡೂ ಶಾಲೆಗಳಲ್ಲಿ ಕೇಳಿಕೊಳ್ಳಿ, ಆಮೇಲೆ ಅದಕ್ಕೋಸ್ಕರ ಬೆಂಗಳೂರಿಗೆ ಬರುವುದು ತಪ್ಪುತ್ತದೆ.

ಇನ್ನೊಂದು ವಿಷಯ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಸಿಬಿಎಸ್‌ಇ ಶಾಲೆಗಳಲ್ಲೂ ಮರಾಠಿ ಕಲಿಸಬೇಕು. ನಡುವೆ ಬಂದು ಸೇರುವ ಮಕ್ಕಳಿಗೆ ಏನು ವ್ಯವಸ್ಥೆ ಅಂತ ಫೀಸ್ ಕಟ್ಟುವ ಮುಂಚೆ ಕೇಳಿ. ಲಿಪಿ ಹಿಂದಿಯದೇ ಆದ್ದರಿಂದ ನಮ್ಮ ಮಗ ಬೇಗ ಓದಲು ಕಲಿತ. ಮಾತು ಬಿಲ್ಡಿಂಗಿನ ಹುಡುಗರ ಜೊತೆ ಆಡುತ್ತಾ ಬಂತು. ಈಗಲೂ ಅವರ ಜೊತೆ ಮರಾಠಿಯಲ್ಲೇ ಫೋನ್ ಮಾಡುತ್ತಾನೆ, ಕೇಳಲು ಖುಷಿ ಆಗುತ್ತದೆ.

ಬಾಡಿಗೆ ಮನೆ ವಿಷಯದಲ್ಲಿ ಪುಣೆ ನನಗೆ ಇಷ್ಟ ಆಯಿತು. ಇಲ್ಲಿನ ಹಾಗೆ ದೊಡ್ಡ ಅಡ್ವಾನ್ಸ್ ಕೇಳಲಿಲ್ಲ. ಸಾಮಾನ್ಯವಾಗಿ 11 ತಿಂಗಳ ಕರಾರು ಇರುತ್ತದೆ, ಅದನ್ನು ನೋಂದಣಿ ಮಾಡಿಸಲೇಬೇಕು. ನೋಂದಣಿ ಆದ ಕರಾರಿನ ಪ್ರತಿ ಬ್ಯಾಂಕಿಗೂ ಶಾಲೆಗೂ ಉಪಯೋಗಕ್ಕೆ ಬರುತ್ತದೆ, ಜೋಪಾನ.

ಮಲ್ಲೇಶ್ವರದಿಂದ:

ಕಾರಿನ ಬಗ್ಗೆ ನಾನು ಹೇಳುತ್ತೇನೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು, ಅದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಇಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತೆಗೆಸಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಅಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕು. ಆಮೇಲೆ ಹೊಸ ಆರ್‌ಸಿ ತೋರಿಸಿ, ಇಲ್ಲಿ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದ ಭಾಗ ವಾಪಸ್ ಕೇಳಬಹುದು. ಮೊದಲು ನಮ್ಮ ಕೈಯಿಂದ ದುಡ್ಡು ಹೋಗುತ್ತದೆ, ಬರುವುದು ನಿಧಾನ. ಆ ಹಣವನ್ನು ಹೋಗುವ ಖರ್ಚಿನಲ್ಲಿ ಸೇರಿಸಿಯೇ ಇಡಿ.

ನಿಮ್ಮ ಯಜಮಾನರ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸ್ ಇದ್ದರೆ ಬಿಎಚ್ ನಂಬರ್ (ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಭಾರತ್ ಸರಣಿಯ ಗಾಡಿ ನಂಬರ್) ಬಗ್ಗೆ ವಿಚಾರಿಸಿ. 2021ರಲ್ಲಿ ಬಂದದ್ದು, ಎರಡೆರಡು ವರ್ಷಕ್ಕೆ ಟ್ಯಾಕ್ಸ್ ಕಟ್ಟಿದರೆ ಸಾಕು. ಹಳೇ ಗಾಡಿಯನ್ನೂ ಅದಕ್ಕೆ ಬದಲಿಸಲು ನಿಯಮದಲ್ಲಿ ಅವಕಾಶ ಇದೆ. ಕಾರು ತುಂಬಾ ಹಳೆಯದಾಗಿದ್ದರೆ ಇಲ್ಲೇ ಮಾರಿ ಹೋಗಿ, ಅಷ್ಟು ಓಡಾಟಕ್ಕೆ ಅದು ಬಾಳುವುದಿಲ್ಲ.

ಹೈದರಾಬಾದಿನಲ್ಲಿರುವ ಒಬ್ಬರು, ಊರು ತುಮಕೂರು:

ಜಾತಿ ಸರ್ಟಿಫಿಕೇಟಿನ ವಿಷಯ ಇನ್ನೂ ಯಾರೂ ಹೇಳಿಲ್ಲ. ನಮ್ಮ 2ಎ, 3ಎ, 3ಬಿ ಅನ್ನುವುದು ಹಿಂದುಳಿದ ವರ್ಗಗಳ ಕರ್ನಾಟಕದ ಪಟ್ಟಿ, ಗಡಿ ದಾಟಿದರೆ ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹೋದ ರಾಜ್ಯದ ಮೀಸಲಾತಿ ತಾನಾಗಿ ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಕೇಂದ್ರದ ಸಂಸ್ಥೆಗಳ ಸೀಟಿಗೆ ಕೇಂದ್ರದ ಪಟ್ಟಿ ನೋಡುತ್ತಾರೆ, ಅದು ಬೇರೆ. ನಿಮಗೆ ಅನ್ವಯ ಆಗುವುದಾದರೆ ಸಂಬಳಕ್ಕಿಂತ ಇದು ದೊಡ್ಡ ವಿಷಯ. ಮಗಳನ್ನು ಪಿಯುಸಿಗೆ ವಾಪಸ್ ಕರೆತನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಬಸವನಗುಡಿಯಿಂದ:

ನಿಮ್ಮ ಅತ್ತೆಯವರ ಬಗ್ಗೆ ಓದಿ ಬರೆಯದೆ ಇರಲಾಗಲಿಲ್ಲ. ನಮ್ಮ ಅಮ್ಮನೂ ನಮ್ಮ ಜೊತೆ ಪುಣೆಗೆ ಬಂದಿದ್ದರು. ನಾವು ಕೆಲಸಕ್ಕೆ ಹೋಗುತ್ತಿದ್ದೆವು, ಮಕ್ಕಳು ಶಾಲೆಗೆ. ಬೆಳಗ್ಗೆಯಿಂದ ಸಂಜೆವರೆಗೆ ಮಾತಿಗೆ ಯಾರೂ ಇರಲಿಲ್ಲ. ಇಲ್ಲಿ ಗಾಂಧಿ ಬಜಾರಿಗೆ ಒಬ್ಬರೇ ಹೋಗಿ ಹೂವು, ವೀಳ್ಯದೆಲೆ, ಸೊಪ್ಪು ಚೌಕಾಸಿ ಮಾಡಿ ತರುತ್ತಿದ್ದವರು. ಅಲ್ಲಿ ಗೇಟಿನ ಆಚೆ ಕಾಲಿಡುತ್ತಿರಲಿಲ್ಲ. ಡಾಕ್ಟರಿಗೆ ಎಲ್ಲಿ ನೋವು, ಎಂಥ ನೋವು ಅಂತ ತಾವೇ ಹೇಳಲು ಆಗುತ್ತಿರಲಿಲ್ಲ, ಪ್ರತಿ ಮಾತಿಗೂ ನನ್ನ ಮುಖ ನೋಡುತ್ತಿದ್ದರು. ಹೆಣ್ಣುಮಕ್ಕಳ ಕೆಲವು ತೊಂದರೆಗಳನ್ನು ಮಗನ ಮುಂದೆ ಹೇಳಲು ಅವರಿಗೆ ಸಂಕೋಚ. ಅದು ನನಗೆ ಈಗಲೂ ನೋವು ಕೊಡುತ್ತದೆ.

ದಾರಿ ಇಲ್ಲ ಅಂತಲ್ಲ. ಪುಣೆಯಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡದವರು ತುಂಬಾ ಇದ್ದಾರೆ. ಕನ್ನಡ ಸಂಘವೂ ಇದೆ. ಅಮ್ಮನಿಗೆ ಪಕ್ಕದ ಬಿಲ್ಡಿಂಗಿನಲ್ಲಿ ಬಾಗಲಕೋಟೆಯ ಅಜ್ಜಿಯೊಬ್ಬರು ಸಿಕ್ಕ ಮೇಲೆ ಊಟ ಸೇರತೊಡಗಿತು. ಇಬ್ಬರೂ ಸೇರಿ ಪಂಢರಾಪುರಕ್ಕೆ ಹೋಗಿ ಬಂದರು. ಅದಕ್ಕೇ ಹೇಳುವುದು, ಮನೆ ನೋಡುವಾಗ ಆಫೀಸಿಗೆ ಎಷ್ಟು ದೂರ ಅನ್ನುವುದರ ಜೊತೆಗೆ ಹತ್ತಿರದಲ್ಲಿ ಕನ್ನಡದವರು ಇದ್ದಾರಾ, ಕನ್ನಡ ಬಲ್ಲ ಡಾಕ್ಟರ್ ಇದ್ದಾರಾ ಅಂತಲೂ ನೋಡಿ. ಮನೆ ಖಾಲಿ ಮಾಡುವ ಮುಂಚೆ ಅತ್ತೆಯವರನ್ನು ಕೆಲವು ವಾರ ಅಲ್ಲಿ ಇರಿಸಿ ನೋಡಿ. ಹಬ್ಬದ ರಜದಲ್ಲಿ ಬೇಡ, ಎಲ್ಲರೂ ಮನೆಯಲ್ಲಿರುತ್ತಾರೆ, ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿ. ನೀವು ಬರೆದಿದ್ದರಲ್ಲಿ ಅವರೇನು ಅಂದರು ಅಂತ ಕಾಣಲಿಲ್ಲ.

ವಿಜಯನಗರದವರೇ ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅತ್ತೆಯನ್ನು ಕೇಳಿದೆ. "ಮಗು ಓದು ಕೆಡದಿದ್ದರೆ ಬರ್ತೀನಿ, ಆದ್ರೆ ಈ ಮನೆ ಮಾರಬೇಡಿ" ಅಂದರು. ಯಜಮಾನರು ಈಗ ಒಬ್ಬರೇ ಹೋಗಿ ಪಿಜಿಯಲ್ಲಿ ಇರಲಿ, ಮಗಳ ಪರೀಕ್ಷೆ ಮುಗಿದ ಮೇಲೆ ನಾವು ಹೋಗೋಣ ಅಂತ ಯೋಚನೆ. ಎರಡು ಮನೆ ಖರ್ಚು ಕಳೆದರೆ ಜಾಸ್ತಿ ಬರುವ ಸಂಬಳದಲ್ಲಿ ಈ ವರ್ಷ ಏನೂ ಉಳಿಯುವುದಿಲ್ಲ, ಆದರೂ ಸರಿ ಅನ್ನಿಸುತ್ತಿದೆ. ಇಲ್ಲಿನ ಮನೆ ಬಾಡಿಗೆಗೆ ಕೊಡೋದಾ, ಬೀಗ ಹಾಕೋದಾ?

ರಾಜಾಜಿನಗರದಿಂದ:

ಬಾಡಿಗೆಗೆ ಕೊಡಿ ಅಕ್ಕ. ಬೀಗ ಹಾಕಿದ ಮನೆಯಲ್ಲಿ ನಲ್ಲಿ, ವೈರಿಂಗ್ ಎಲ್ಲ ಹಾಳಾಗುತ್ತದೆ. ನೆಂಟರಲ್ಲಿ ಯಾರಾದರೂ ತಿಂಗಳಿಗೊಮ್ಮೆ ಹೋಗಿ ನೋಡುವ ಹಾಗಿರಲಿ. ಒಂದು ಕೋಣೆಗೆ ಬೀಗ ಹಾಕಿ ದೇವರ ಸಾಮಾನು, ಅತ್ತೆಯವರ ಪಾತ್ರೆ ಅಲ್ಲೇ ಇಡಿ, ಕರಾರಿನಲ್ಲಿ ಅದನ್ನು ಬರೆಸಿ. ಹೊರಡುವ ಮುಂಚೆ ಇ-ಖಾತಾ (ಮನೆಯ ಖಾತಾದ ಡಿಜಿಟಲ್ ದಾಖಲೆ) ಮಾಡಿಸಿಕೊಳ್ಳಿ, ಹೆಸರಲ್ಲೋ ಅಳತೆಯಲ್ಲೋ ತಪ್ಪಿದ್ದರೆ ಈಗಲೇ ಸರಿಪಡಿಸಬಹುದು. ಆಸ್ತಿ ತೆರಿಗೆ ಆನ್‌ಲೈನಿನಲ್ಲೇ ಕಟ್ಟಬಹುದು, ಏಪ್ರಿಲಿನಲ್ಲಿ ಪೂರ್ತಿ ಕಟ್ಟಿದರೆ ರಿಯಾಯಿತಿಯೂ ಇದೆ. ಅತ್ತೆಯವರ ಆಸ್ಪತ್ರೆ ಫೈಲನ್ನು ಮಾತ್ರ ಲಾರಿಗೆ ಹಾಕಬೇಡಿ, ನಿಮ್ಮ ಕೈಚೀಲದಲ್ಲೇ ಇರಲಿ. ಉದ್ಯಾನ್ ಎಕ್ಸ್‌ಪ್ರೆಸ್ ಪುಣೆ ಮೇಲೆ ಹೋಗುತ್ತದೆ, ಅವರಿಗೆ ಕೆಳಗಿನ ಬರ್ತ್ ಈಗಲೇ ನೋಡಿ.