ಥಂಡರ್‌ಬರ್ಡ್ 350: ಸೆಲ್ಫ್ ಒತ್ತಿದರೆ ‘ಟಕ್’, ಅಷ್ಟೇ

ಜೇವರ್ಗಿ ರಸ್ತೆ | ಭಾನುವಾರ, ರಾತ್ರಿ 10:12

ತಲೆ ಕೆಟ್ಟುಹೋಗಿದೆ. ನನ್ನ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಬೈಕಿನ ಸೆಲ್ಫ್ ಗುಂಡಿ ಒತ್ತಿದರೆ ಪಕ್ಕದ ಡಬ್ಬಿಯೊಳಗೆ ‘ಟಕ್’ ಎನ್ನುತ್ತದೆ, ಎಂಜಿನ್ ಮಿಸುಕುವುದಿಲ್ಲ. ಹತ್ತು ಸಲ ಒತ್ತಿದರೆ ಒಮ್ಮೆ ಅರ್ಧ ಸುತ್ತು ತಿರುಗಿದಂತೆ ಮಾಡಿ ನಿಲ್ಲುತ್ತದೆ. ಕಿಕ್ ಹೊಡೆದರೆ ಎರಡನೆಯದಕ್ಕೇ ಶುರು. ಬ್ಯಾಟರಿ ಹೊಸದು, ಮೋಟಾರಿಗೆ ಕರೆಂಟು ಬಿಡುವ ರಿಲೇ ಹೊಸದು. ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಹಾಕಿಸಿದ್ದೂ ಆಯಿತು. ಮೆಕ್ಯಾನಿಕ್ ಅದನ್ನು ನೆಲದ ಮೇಲಿಟ್ಟು ಬ್ಯಾಟರಿಯ ತಂತಿ ಮುಟ್ಟಿಸಿದಾಗ ಗಿರ್ರನೆ ತಿರುಗಿತು. ಗಾಡಿಗೆ ಕೂರಿಸಿದರೆ ಮತ್ತೆ ‘ಟಕ್’. ಇಲ್ಲಿಯವರೆಗೆ ನಾಲ್ಕು ಸಾವಿರ ಹೋಗಿದೆ. ಈ ಬಿಸಿಲಿನಲ್ಲಿ ಸೂಪರ್ ಮಾರ್ಕೆಟ್ ಮುಂದೆ ಜನ ನೋಡುತ್ತಿರುವಾಗ ಕಿಕ್ ಹೊಡೆಯುವುದು ಬೇಡವೆಂದೇ ಸೆಲ್ಫ್ ಇರುವ ಗಾಡಿ ಇಟ್ಟುಕೊಂಡಿದ್ದೆ. ಏನಿರಬಹುದು?

ತೊಗರಿ ಕಣಜ | ರಾತ್ರಿ 10:31

ಸ್ಪ್ರಾಗ್ ಕ್ಲಚ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸೆಲ್ಫ್ ತಿರುಗಿದಾಗ ಎಂಜಿನನ್ನು ಹಿಡಿದುಕೊಳ್ಳಬೇಕು, ಎಂಜಿನ್ ಓಡತೊಡಗಿದ ಮೇಲೆ ಬಿಟ್ಟುಬಿಡಬೇಕು, ಅದೇ ಅದರ ಕೆಲಸ. ಬ್ಯಾಟರಿ ಸೊರಗಿದಾಗ ಗುಂಡಿ ಒತ್ತಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಬೀಳುವುದೆಲ್ಲ ಸ್ಪ್ರಾಗ್ ಮೇಲೆ. ಎಡಗಡೆಯ ಕೇಸ್ ಬಿಚ್ಚಿಸಿ. ನನ್ನ ಬುಲೆಟ್ ಎಲೆಕ್ಟ್ರಾಕ್ಕೆ ಹಾಕಿಸಿದಾಗ ಇರಲಿ ಎಂದು ಎರಡು ತರಿಸಿದ್ದೆ.

ಕೋಟೆ ಬೀದರ್ | ರಾತ್ರಿ 11:05

ಗಾಡಿ ಯಾವ ವರ್ಷದ್ದು? ಇದು ಹಳೆಯ ಗಾಡಿಗಳ ವಿಭಾಗ.

ಜೇವರ್ಗಿ ರಸ್ತೆ | ರಾತ್ರಿ 11:09

2005. ಅಲ್ಯೂಮಿನಿಯಂನ ಎವಿಎಲ್ ಎಂಜಿನ್, ಐದು ಗೇರ್. ಅಪ್ಪ ಕೊಂಡ ಗಾಡಿ. ಹಳೆಯದಲ್ಲವೇ?

ಕೋಟೆ ಬೀದರ್ | ರಾತ್ರಿ 11:20

ಅಲ್ಲ. 2021ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ತುಂಬಿರಬೇಕು. ಅಲ್ಲದೆ, ಬುಲೆಟ್ ಕುಲದ ಗಾಡಿಗೆ ಸೆಲ್ಫ್ ಬೇಡುವುದೇ ತಪ್ಪು. ಕಾಸ್ಟ್ ಐರನ್ ಎಂಜಿನ್, ಎಂಜಿನ್‌ನೊಳಗಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂದಾಗ ಒಂದೇ ಒದೆತ. ಅದು ವಿದ್ಯೆ.

ತೊಗರಿ ಕಣಜ | ರಾತ್ರಿ 11:24

ನಿಯಮ ವಿಂಟೇಜ್ ಬಗ್ಗೆ ಹೇಳುತ್ತದೆ, ಈ ವಿಭಾಗದ ಹೆಸರು ಕ್ಲಾಸಿಕ್. ನಿಮ್ಮ ಮೊಣಕಾಲು ಸವೆದ ಮೇಲೆ ವಿದ್ಯೆಯ ಮಾತನಾಡೋಣ. ಸ್ಪ್ರಾಗ್ ಬಿಚ್ಚಿಸಿ, ತಮ್ಮ.

ವಾಡಿ ಜಂಕ್ಷನ್ | ಸೋಮವಾರ, ಬೆಳಿಗ್ಗೆ 6:40

ಸ್ಪ್ರಾಗ್ ಹಾಳಾದರೆ ‘ಟಕ್’ ಎನ್ನುವುದಿಲ್ಲ. ಮೋಟಾರ್ ‘ಗಿರ್ರ್’ ಎಂದು ಖಾಲಿ ತಿರುಗುತ್ತದೆ, ಎಂಜಿನ್ ಮಾತ್ರ ಸುಮ್ಮನಿರುತ್ತದೆ. ಇಲ್ಲಿ ಮೋಟಾರೇ ತಿರುಗುತ್ತಿಲ್ಲ. ಜೇವರ್ಗಿ ರಸ್ತೆಯವರೇ, ರಾತ್ರಿ ಹೆಡ್‌ಲೈಟ್ ಹಾಕಿ ಗುಂಡಿ ಒತ್ತಿ. ಬೆಳಕು ಆರಿಹೋಗುತ್ತದೆಯೋ, ಹಾಗೇ ಇರುತ್ತದೆಯೋ ನೋಡಿ ಹೇಳಿ.

ತೊಗರಿ ಕಣಜ | ಬೆಳಿಗ್ಗೆ 8:15

ಸ್ಪ್ರಾಗ್ ಜಾಮ್ ಆಗಿರಬಹುದಲ್ಲ, ಕಾಕಾ?

ವಾಡಿ ಜಂಕ್ಷನ್ | ಬೆಳಿಗ್ಗೆ 8:50

ಜಾಮ್ ಆಗಿದ್ದರೆ ಎಂಜಿನ್ ಓಡುವಾಗ ಸೆಲ್ಫ್ ಮೋಟಾರೂ ಜೊತೆಗೇ ತಿರುಗಿ ಕಿರುಚುತ್ತಿತ್ತು. ಕಿಕ್ ಕೂಡ ಕಲ್ಲಿನಂತಿರುತ್ತಿತ್ತು. ಅವರು ಎರಡನೇ ಕಿಕ್ಕಿಗೆ ಶುರು ಎಂದಿದ್ದಾರೆ.

ಶಹಾಪುರ ಬೆಟ್ಟ | ಬೆಳಿಗ್ಗೆ 9:30

ನನ್ನ ಗಾಡಿಗೆ 14 ಆಂಪಿಯರ್-ಅವರ್ ಬ್ಯಾಟರಿ, ಎರಡು ಎಲ್‌ಇಡಿ ದೀಪ, ಜೋಡಿ ಹಾರ್ನ್, ಮೊಬೈಲ್ ಚಾರ್ಜರ್, ಎಲ್ಲಕ್ಕೂ ಬೇರೆ ಬೇರೆ ರಿಲೇ. ಯಾದಗಿರಿಯಿಂದ ಹೈದರಾಬಾದ್‌ಗೆ ಹೋಗಿ ಬಂದರೂ ಸೆಲ್ಫ್ ಒಂದೇ ಬೆರಳಿಗೆ. ಚಿತ್ರ ಹಾಕುತ್ತೇನೆ.

ಜೇವರ್ಗಿ ರಸ್ತೆ | ರಾತ್ರಿ 9:48

ಲೈಟ್ ಹಾಗೇ ಇರುತ್ತದೆ. ಎಲ್ಲೋ ಒಂದು ಎಳೆ ಮಂಕಾಗುತ್ತದೆ, ಅಷ್ಟೇ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿದೆ. ಇದರ ನಡುವೆ ಕ್ಲಚ್ ಕೇಬಲ್ ಬೇರೆ ಕೈಕೊಟ್ಟಿದೆ. ಬಿಸಿಲಿಗೆ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಟ್ಯಾಂಕಿಗೆ ಅಂಟಿಕೊಂಡಿದೆ, ಲಿವರ್ ಬಿಗಿ. ಒಂದರ ಹಿಂದೆ ಒಂದು.

ಕೋಟೆ ಬೀದರ್ | ರಾತ್ರಿ 9:55

ಈಗಿನ ಕೇಬಲ್‌ಗಳೇ ಹಾಗೆ.

ವಾಡಿ ಜಂಕ್ಷನ್ | ರಾತ್ರಿ 10:02

ಒಂದು ನಿಮಿಷ. ಕ್ಲಚ್ ಕೇಬಲ್ ಕರಗಿದ್ದು ಎಂದಿನಿಂದ? ಕಳೆದ ಆರು ತಿಂಗಳಲ್ಲಿ ಗಾಡಿಗೆ ಏನೇನು ಮಾಡಿಸಿದ್ದೀರಿ? ಸೆಲ್ಫಿಗೆ ಸಂಬಂಧವಿಲ್ಲದ್ದನ್ನೂ ಹೇಳಿ.

ಜೇವರ್ಗಿ ರಸ್ತೆ | ರಾತ್ರಿ 10:10

ಕೇಬಲ್ ಹೋಗಿದ್ದು ಮೊನ್ನೆ. ಬೇರೆ ಏನೂ ಮಾಡಿಸಿಲ್ಲ. ಯುಗಾದಿಗೆ ಪೂರ್ತಿ ಬಿಚ್ಚಿಸಿ ಚಾಸಿಗೆ ಪೌಡರ್ ಕೋಟಿಂಗ್, ಎಂಜಿನ್‌ಗೆ ಕಪ್ಪು ಬಣ್ಣ ಮಾಡಿಸಿದೆ. ಬಣ್ಣ ಬಹಳ ಚೆನ್ನಾಗಿ ಬಂದಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ವಾಡಿ ಜಂಕ್ಷನ್ | ರಾತ್ರಿ 10:34

ಪೂರ್ತಿ ಸಂಬಂಧ. ಇದನ್ನು ಮೊದಲ ದಿನವೇ ಬರೆದಿದ್ದರೆ ನಾಲ್ಕು ಸಾವಿರವಲ್ಲದಿದ್ದರೂ ಎರಡು ದಿನ ಉಳಿಯುತ್ತಿತ್ತು.

ನಿಮ್ಮ 60 ವ್ಯಾಟ್ ಹೆಡ್‌ಲೈಟ್ ಎಳೆಯುವುದು 5 ಆಂಪಿಯರ್. ಸೆಲ್ಫ್ ಮೋಟಾರ್ ಎಳೆಯುವುದು ಹತ್ತಾರು ಆಂಪಿಯರ್. ಮೋಟಾರಿಗೆ ಬರುವುದು ಪಾಸಿಟಿವ್ ತಂತಿ ಒಂದೇ. ಹಿಂತಿರುಗುವ ದಾರಿ ಅದರ ಮೈಯಿಂದ ಎಂಜಿನ್‌ಗೆ, ಎಂಜಿನ್‌ನಿಂದ ಅರ್ತ್ ತಂತಿಗೆ, ಅಲ್ಲಿಂದ ಬ್ಯಾಟರಿಗೆ. ಆ ದಾರಿಗೆ ಕರೆಂಟು ಹರಿಯಗೊಡದ ಬಣ್ಣ ಅಡ್ಡ ಬಂದರೆ ರಿಲೇ ಟಕ್ ಎನ್ನುತ್ತದೆ, ಏಕೆಂದರೆ ಅದಕ್ಕೆ ಬೇಕಾದ್ದು ಚೂರು ಕರೆಂಟು. ಮೋಟಾರಿಗೆ ಸಾಲುವುದಿಲ್ಲ. ಲೈಟ್ ಮಂಕಾಗದಿರುವುದಕ್ಕೂ ಅದೇ ಕಾರಣ, ಬ್ಯಾಟರಿಯಿಂದ ಯಾರೂ ಹೆಚ್ಚು ಎಳೆಯುತ್ತಲೇ ಇಲ್ಲ. ಆದರೆ ಕರೆಂಟು ಸುಮ್ಮನೆ ಕೂರುವುದಿಲ್ಲ, ಬೇರೆ ಲೋಹ ಹುಡುಕುತ್ತದೆ. ಎಂಜಿನ್‌ನಿಂದ ಹ್ಯಾಂಡಲ್‌ಗೆ ಹೋಗುವ ಲೋಹ ಯಾವುದು? ಕ್ಲಚ್ ಕೇಬಲ್‌ನ ಒಳಗಿನ ಸುರುಳಿ. ನಿಮ್ಮ ಕೇಬಲ್ ಕರಗಿದ್ದು ಬಿಸಿಲಿಗಲ್ಲ, ಆ ಕರೆಂಟಿನ ಬಿಸಿಗೆ.

ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹದ ಮೇಲೆ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಎರಡೇ ಸೆಕೆಂಡು ಗುಂಡಿ ಒತ್ತಿ. ಅರ್ಧ ವೋಲ್ಟ್‌ನೊಳಗೆ ಇದ್ದರೆ ನಾನು ಸುಳ್ಳು.

ಕೋಟೆ ಬೀದರ್ | ರಾತ್ರಿ 10:41

ಬಿದರಿ ಹೂಜಿ ಕಪ್ಪಾಗಲು ನಮ್ಮ ಕೋಟೆಯ ಮಣ್ಣೇ ಬೇಕು ಎನ್ನುತ್ತಾರೆ. ನಿಮ್ಮ ಗಾಡಿ ಕಪ್ಪೇನೋ ಆಯಿತು, ಮಣ್ಣು ತಪ್ಪಿತು. ಅರ್ತ್ ಎಂದರೆ ಮಣ್ಣೇ ತಾನೇ!

ಶಹಾಪುರ ಬೆಟ್ಟ | ಮಂಗಳವಾರ, ಬೆಳಿಗ್ಗೆ 7:55

ಇಗೋ ನನ್ನ ವೈರಿಂಗ್ ಚಿತ್ರ. ಪೌಡರ್ ಕೋಟಿಂಗ್‌ಗೆ ಎಷ್ಟು ತೆಗೆದುಕೊಂಡರು? ಮ್ಯಾಟ್ ಅಥವಾ ಹೊಳಪು?

ಜೇವರ್ಗಿ ರಸ್ತೆ | ಮಂಗಳವಾರ, ರಾತ್ರಿ 8:20

ಮ್ಯಾಟ್.

ಕಾಕಾ, 7.4 ವೋಲ್ಟ್ ತೋರಿಸಿತು. ನೆರೆಮನೆಯವರ ಕಾರಿನ ಜಂಪರ್ ಕೇಬಲ್ ತಂದು ಬ್ಯಾಟರಿಯ ನೆಗೆಟಿವ್‌ನಿಂದ ನೇರವಾಗಿ ಎಂಜಿನ್ ಬೋಲ್ಟಿಗೆ ಕಚ್ಚಿಸಿದೆ. ಗುಂಡಿ ಮುಟ್ಟಿದ ತಕ್ಷಣ ಎಂಜಿನ್ ಹೊಡೆದುಕೊಂಡಿತು, ಅಮ್ಮ ಒಳಗಿನಿಂದ ಓಡಿಬಂದರು. ಅರ್ತ್ ತಂತಿಯ ಬೋಲ್ಟ್ ಬಿಚ್ಚಿ ನೋಡಿದರೆ ತಂತಿಯ ತುದಿಯ ಲೋಹದ ಬಳೆಯ, ಅಂದರೆ ಲಗ್‌ನ ಕೆಳಗೆ ಬಣ್ಣ ಕನ್ನಡಿಯಂತೆ ಅಚ್ಚುಕಟ್ಟಾಗಿದೆ, ನಡುವೆ ಸಾಸಿವೆ ಕಾಳಿನಷ್ಟು ಸುಟ್ಟ ಗುರುತು. ಆ ಚುಕ್ಕೆಯ ಮೂಲಕವೇ ಅರ್ಧ ಸುತ್ತು ತಿರುಗುತ್ತಿದ್ದದ್ದು. ಈಗ ಬಣ್ಣ ಕೆರೆಯಲು ಮನಸ್ಸು ಬರುತ್ತಿಲ್ಲ.

ವಾಡಿ ಜಂಕ್ಷನ್ | ರಾತ್ರಿ 8:37

ಎಂಟಾಣೆ ನಾಣ್ಯದಷ್ಟು ಅಗಲ ಕೆರೆದರೆ ಸಾಕು, ಲಗ್ ಮುಚ್ಚಿಕೊಳ್ಳುತ್ತದೆ. ಎಮರಿ ಕಾಗದದಿಂದ ಲೋಹ ಬೆಳ್ಳಗಾಗುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಮಳೆಗಾಲಕ್ಕೆ ಹಸಿರು ಕಟ್ಟುವುದಿಲ್ಲ. ಇಂಡಿಕೇಟರ್, ಹಾರ್ನ್‌ಗಳ ಅರ್ತ್‌ಗಳನ್ನೂ ಹೀಗೆಯೇ ನೋಡಿಬಿಡಿ, ಅವೂ ಬಣ್ಣದ ಮೇಲೆಯೇ ಕೂತಿರುತ್ತವೆ. ಕ್ಲಚ್ ಕೇಬಲ್ ಹೊಸದು ಹಾಕಿ. ಒಳಗಿನ ಉಕ್ಕು ಒಮ್ಮೆ ಕಾದ ಮೇಲೆ ಎಲ್ಲಿ ಹರಿಯುತ್ತದೋ ಹೇಳಲಾಗದು.

ಜೇವರ್ಗಿ ರಸ್ತೆ | ಬುಧವಾರ, ಬೆಳಿಗ್ಗೆ 9:05

ಕೆರೆದೆ. ಈಗ 0.2 ವೋಲ್ಟ್. ಇಂದು ಸ್ಟೇಷನ್ ರಸ್ತೆಯಲ್ಲಿ ಬೇಕೆಂದೇ ಮೂರು ಸಲ ಆಫ್ ಮಾಡಿ ಸೆಲ್ಫ್ ಹೊಡೆದೆ. ಇಂಡಿಕೇಟರ್ ಇನ್ನೂ ಒಂದು ಕಡೆ ಮಿನುಗುತ್ತಿಲ್ಲ, ಭಾನುವಾರ ನೋಡುತ್ತೇನೆ. ಕಾಕಾ, ಕಲಬುರಗಿಗೆ ಬಂದರೆ ಊಟ ನಮ್ಮ ಮನೆಯಲ್ಲೇ.

ತೊಗರಿ ಕಣಜ | ಬೆಳಿಗ್ಗೆ 9:40

ಒಳ್ಳೆಯದಾಯಿತು. ಆದರೂ ಅಷ್ಟು ದಿನ ಅರ್ಧ ಅರ್ಧ ಸುತ್ತಿದ್ದಕ್ಕೆ ಸ್ಪ್ರಾಗ್ ಪೆಟ್ಟು ತಿಂದಿರುತ್ತದೆ. ನನ್ನ ಬಳಿ ಇರುವುದು ಡಬ್ಬಿಯಿಂದ ತೆಗೆದಿಲ್ಲ, ಆರು ವರ್ಷದಿಂದ ಹಾಗೇ ಇದೆ. ಕೊಂಡ ಬೆಲೆಗೇ ಕೊಡುತ್ತೇನೆ.